ಇಪ್ಪತ್ತೊಂದರ ಕೆಳಗೆ ಇಪ್ಪತ್ತಮೂರು

ಹೋದ ತಿಂಗಳು ಬನಶಂಕರಿಯ ಒಂದು ಪಾರ್ಸೆಲ್ ಆಫೀಸಿಗೆ ಹೋಗಿದ್ದೆ. ಅತ್ತೆ ಊರಿನಿಂದ ಕಳಿಸಿದ್ದ ಮೂಟೆಯೊಂದನ್ನು ಬಿಡಿಸಿಕೊಳ್ಳಬೇಕಿತ್ತು. ಕೌಂಟರಿನ ಹಿಂದಿದ್ದವರು ನಂಬರ್ ಕೇಳಿ ಕೀಬೋರ್ಡ್ ಒತ್ತಿದರು. ಮೂಲೆಯಲ್ಲಿದ್ದ ಹಳೇ ಪ್ರಿಂಟರ್ ಕರ್ರ್ ಕರ್ರ್ ಎಂದು ಕಿರುಚುತ್ತಾ, ಎರಡೂ ಅಂಚಿನಲ್ಲಿ ತೂತುಗಳಿದ್ದ ಹಾಳೆಯನ್ನು ಸಾಲು ಸಾಲಾಗಿ ಮೇಲಕ್ಕೆ ತಳ್ಳತೊಡಗಿತು. ಅಂಥ ಪ್ರಿಂಟರುಗಳು ಇನ್ನೂ ಕೆಲಸ ಮಾಡುತ್ತಿವೆ ಎಂದೇ ನನಗೆ ಗೊತ್ತಿರಲಿಲ್ಲ. ಹಾಳೆ ಹರಿದು ಕೈಗೆ ಕೊಟ್ಟರು. ರಿಬ್ಬನ್ನಿನ ಶಾಯಿ, ಬಿಸಿಯಾದ ಧೂಳು, ಜೊತೆಗೆ ಸುಟ್ಟ ರಬ್ಬರಿನಂಥ ಇನ್ನೇನೋ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಜಯನಗರದಲ್ಲಿ, ನಮ್ಮ ಕಾಲೇಜಿನ ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆ.

"ಮೇಡಂ, ನಿಮ್ ಮೂಟೆ ಇಲ್ಲೇ ಬಿಟ್ಟು ಹೋಗ್ತಿದ್ದೀರಲ್ಲ" ಎಂದು ಯಾರೋ ಕೂಗಿದಾಗ ನಾನು ಆಗಲೇ ರಸ್ತೆಗೆ ಬಂದಾಗಿತ್ತು.

ಆ ಲ್ಯಾಬಿಗೆ ಒಬ್ಬ ಸಾರ್ ಇದ್ದರು. ನಾವು ಅವರನ್ನು ಲ್ಯಾಬ್ ಸಾರ್ ಎಂದೇ ಕರೆಯುತ್ತಿದ್ದೆವು. ಅವರು ಲೆಕ್ಚರರ್ ಅಲ್ಲ, ಲ್ಯಾಬ್ ಇನ್‌ಸ್ಟ್ರಕ್ಟರ್. ಲೆಕ್ಚರರುಗಳ ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿಯೂ ಇರಲಿಲ್ಲ. ಆದರೆ ಪ್ರೋಗ್ರಾಮ್ ಓಡದೇ ಹೋದಾಗ ಆ ಲೆಕ್ಚರರುಗಳೇ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಇವರ ಹತ್ತಿರ ಬರುತ್ತಿದ್ದರು. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್, ಹಣೆಯ ಮೇಲೆ ವಿಭೂತಿ. ಊರು ಹಾವೇರಿ ಕಡೆ. ಜಯನಗರದ ಪಕ್ಕದ ಸಿದ್ದಾಪುರದಲ್ಲಿ, ಗಿಡ ಮಾರುವ ನರ್ಸರಿಯೊಂದರ ಹಿಂದಿನ ಸಣ್ಣ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದರಂತೆ. ಅವರ ಮಾತು ಪೂರ್ತಿ ನಮ್ಮ ಬೆಂಗಳೂರಿನದೇ ಆಗಿಹೋಗಿತ್ತು. 'ರೀ' ಒಂದು ಮಾತ್ರ ಊರಿನಿಂದ ಬಂದದ್ದು ಹಾಗೇ ಉಳಿದಿತ್ತು. ಹದಿನೆಂಟು ಹತ್ತೊಂಬತ್ತರ ಮಕ್ಕಳಾದ ನಮ್ಮನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಆದರೆ ಹೆಸರು ಹಿಡಿದು ಕರೆದದ್ದಿಲ್ಲ. ರೋಲ್ ನಂಬರ್ ಕರೆಯುತ್ತಿದ್ದರು.

"ಏನ್ರೀ ಇಪ್ಪತ್ತಮೂರು, ನಿನ್ನೆ ಯಾಕೆ ಕಾಣಲಿಲ್ಲ?"

ಇಪ್ಪತ್ತಮೂರು ನಾನು. ಇಪ್ಪತ್ತೆರಡು ನನ್ನ ಗೆಳತಿ. ನಮ್ಮಿಬ್ಬರದೂ ಒಂದೇ ಹೆಸರು, ಇನಿಷಿಯಲ್ ಮಾತ್ರ ಬೇರೆ. ಹೆಸರಿನ ಅಕ್ಷರದ ಪ್ರಕಾರ ರೋಲ್ ನಂಬರ್ ಕೊಟ್ಟಿದ್ದರಿಂದ ಅವಳ ಬೆನ್ನಿಗೇ ನಾನು. ಲ್ಯಾಬಿನಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್. ಹಾಗಾಗಿ ನಮ್ಮ ಸ್ನೇಹವನ್ನು ಮಾಡಿಸಿದ್ದೂ ಆ ರೋಲ್ ನಂಬರೇ. ಅವಳು ಬಿಟಿಎಂ ಲೇಔಟಿನಿಂದ ಬರುತ್ತಿದ್ದಳು. ಅಪ್ಪ ಇರಲಿಲ್ಲ, ತಾಯಿ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಾನು ಉತ್ತರಹಳ್ಳಿಯವಳು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಮೂರು ಬಾಡಿಗೆ ಮನೆಗಳಿವೆ. ನಾನು ಓದಿದರೂ ಓದದಿದ್ದರೂ ಮನೆಯಲ್ಲಿ ಯಾರಿಗೂ ಅಂಥ ತೊಂದರೆ ಆಗುತ್ತಿರಲಿಲ್ಲ. ಅವಳ ಮನೆಯ ಸ್ಥಿತಿ ಹಾಗಿರಲಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಯೋಚಿಸಿರಲಿಲ್ಲ, ಅಷ್ಟೆ.

ಎರಡನೇ ವರ್ಷದಲ್ಲಿ ಅವಳ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ಆಮೇಲೆ ವಾರಗಟ್ಟಲೆ ದಿನಾ ಬೆಳಿಗ್ಗೆ ರೇಡಿಯೇಷನ್. ಕರೆದುಕೊಂಡು ಹೋಗಲು ಬೇರೆ ಯಾರೂ ಇರಲಿಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು, ಮುಗಿಸಿ, ಮನೆಗೆ ಬಿಟ್ಟು, ಎರಡು ಬಸ್ ಬದಲಾಯಿಸಿ ಕಾಲೇಜಿಗೆ ಬರುವಷ್ಟರಲ್ಲಿ ಮೂರು ಪೀರಿಯಡ್ ಮುಗಿದಿರುತ್ತಿತ್ತು. ಆದರೂ ಲ್ಯಾಬ್ ಇದ್ದ ಮಧ್ಯಾಹ್ನ ತಪ್ಪಿಸುತ್ತಿರಲಿಲ್ಲ. ಬೆವರಿಳಿಸುತ್ತಾ ಬಂದು, ಚಪ್ಪಲಿ ಬಿಟ್ಟು, ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, "ಏನ್ ಹೇಳ್ಕೊಟ್ರು ಬೆಳಿಗ್ಗೆ?" ಎಂದು ಕೇಳುತ್ತಿದ್ದಳು.

ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಯಾಕೆಂದರೆ ನಾನೂ ಬೆಳಿಗ್ಗೆ ಕ್ಲಾಸಿನಲ್ಲಿ ಇರುತ್ತಿರಲಿಲ್ಲ. ನನಗೆ ಕಾರಣವೇ ಇರಲಿಲ್ಲ. ಮೊದಲ ಪೀರಿಯಡ್ ಬೇಜಾರು ಎಂದು ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ಬಸ್ಸಿಳಿದು ಸುತ್ತುತ್ತಿದ್ದೆ. ಬಟ್ಟೆ ಅಂಗಡಿ, ಬಳೆ ಅಂಗಡಿ, ಒಂದು ಪ್ಲೇಟ್ ಮಸಾಲೆ ಪುರಿ, ಕಾಲು ಸೋತು ಕೂತರೆ ಪಾರ್ಕಿನ ಬೆಂಚು. ಲ್ಯಾಬಿಗೂ ಎಷ್ಟೋ ಸಲ ಹೋಗುತ್ತಿರಲಿಲ್ಲ. ಸಾರ್ ಬೈಯುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಇಪ್ಪತ್ತಮೂರರ ಎದುರು ಒಂದು ಸೊನ್ನೆ ಸುತ್ತಿ, ಮುಂದಿನ ನಂಬರ್ ಕರೆಯುತ್ತಿದ್ದರಂತೆ.

ಆ ಸೆಮಿಸ್ಟರಿನಲ್ಲಿ ಅವರು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಟ್ಟಿಗಳನ್ನು ಹೇಳಿಕೊಟ್ಟರು. ಅರೇಲಿಸ್ಟ್ ಎನ್ನುತ್ತಾರೆ, ಸೇರಿಸಿದಂತೆ ಉದ್ದವಾಗುವ, ತೆಗೆದಂತೆ ಕುಗ್ಗುವ ಪಟ್ಟಿ. ಅದರಿಂದ ಹೆಸರುಗಳನ್ನು ತೆಗೆಯುವುದು ಹೇಗೆ ಎಂಬ ಪಾಠದ ದಿನ ನಾನು ಹೋಗಿರಲಿಲ್ಲ. ಗೆಳತಿ ಹೋಗಿದ್ದಳು. ಸಾರ್ ಐದು ಸ್ಟೂಲುಗಳನ್ನು ಸಾಲಾಗಿ ಇಟ್ಟು, ಐದು ಜನರನ್ನು ಕೂರಿಸಿ, ತಾವೇ ಒಂದೊಂದು ಸ್ಟೂಲಿನ ಮುಂದೆ ನಿಂತು ಹಾಜರಿ ಕೇಳುತ್ತಾ ಹೋದರಂತೆ. ಅವಳ ನೋಟ್ ಬುಕ್ಕಿನಲ್ಲಿ ಆ ಐದು ಸ್ಟೂಲುಗಳ ಚಿತ್ರ ಇತ್ತು, ಅಲ್ಲಿಂದ ಇಲ್ಲಿಗೆ ಬಾಣಗಳು, ಕೆಳಗೆ ಅಂಡರ್‌ಲೈನ್ ಮಾಡಿದ ಒಂದು ಸಾಲು: ತೆಗೆಯುವಾಗ ಹಿಂದಿನಿಂದ ಬರಬೇಕು. ವೈವಾಗೆ ಬೇಕಾಗುತ್ತದೆ ಎಂದು ಅದನ್ನು ನಾನು ಬಾಯಿಪಾಠ ಮಾಡಿಕೊಂಡೆ. ಯಾಕೆ ಹಿಂದಿನಿಂದ, ಎಲ್ಲಿಂದ ಹಿಂದೆ, ಒಂದೂ ತಲೆಗೆ ಹೋಗಿರಲಿಲ್ಲ.

ಪರೀಕ್ಷೆಗೆ ಕೂರಲು ಎಪ್ಪತ್ತೈದು ಪರ್ಸೆಂಟ್ ಹಾಜರಿ ಬೇಕು. ಹಿಂದೆಲ್ಲ ಆಫೀಸಿನವರು ರಿಜಿಸ್ಟರ್ ನೋಡಿ, ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾ ಕೈಯಲ್ಲೇ ಪಟ್ಟಿ ಮಾಡುತ್ತಿದ್ದರು. ಆ ವರ್ಷ ಪ್ರಿನ್ಸಿಪಾಲರು ಕಂಪ್ಯೂಟರಿನಲ್ಲೇ ಆಗಲಿ ಎಂದರು. ಪ್ರೋಗ್ರಾಮ್ ಬರೆಯುವ ಕೆಲಸ ಲ್ಯಾಬ್ ಸಾರ್ ಪಾಲಿಗೆ ಬಂತು. ಎಲ್ಲ ವಿದ್ಯಾರ್ಥಿಗಳ ಹೆಸರು ಒಂದು ಪಟ್ಟಿಯಲ್ಲಿ. ಹಾಜರಿ ಕಡಿಮೆ ಇದ್ದವರನ್ನು ಅದರಿಂದ ತೆಗೆಯುತ್ತಾ ಹೋಗಬೇಕು. ಕೊನೆಗೆ ಉಳಿದವರಿಗೆ ಹಾಲ್ ಟಿಕೆಟ್.

ನಮ್ಮಿಬ್ಬರಿಗೂ ಹಾಲ್ ಟಿಕೆಟ್ ಬರುವುದಿಲ್ಲ ಎನ್ನುವುದು ನಮಗೆ ಚೆನ್ನಾಗಿಯೇ ಗೊತ್ತಿತ್ತು. ನನ್ನ ಹಾಜರಿ ಅವಳದಕ್ಕಿಂತಲೂ ಕಡಿಮೆ. ಪಟ್ಟಿ ಹಾಕಿದ ದಿನ ಇಬ್ಬರೂ ಕೈ ಹಿಡಿದುಕೊಂಡೇ ನೋಟಿಸ್ ಬೋರ್ಡಿನ ಹತ್ತಿರ ಹೋದೆವು. ಆಗಷ್ಟೇ ಪ್ರಿಂಟ್ ಆಗಿ ಬಂದ ಹಾಳೆ. ಅಂಚಿನ ತೂತುಪಟ್ಟಿಯನ್ನೂ ಹರಿದಿರಲಿಲ್ಲ. ಮುಂದೆ ನಿಂತಿದ್ದವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೊಂದರ ಕೆಳಗೆ ನೇರವಾಗಿ ಇಪ್ಪತ್ತಮೂರು. ಪಕ್ಕದಲ್ಲಿ ನನ್ನ ಹೆಸರು.

ಅದು ಅವಳದೇ ಹೆಸರು, ನಂಬರ್ ತಪ್ಪಾಗಿದೆ ಎಂದುಕೊಂಡೆ. ಇನಿಷಿಯಲ್ ನೋಡಿದೆ. ನನ್ನದೇ. ಇನ್ನೊಮ್ಮೆ ನೋಡಿದೆ.

ಗೆಳತಿ ತುಂಬಾ ಹೊತ್ತು ಆ ಹಾಳೆ ನೋಡುತ್ತಾ ನಿಂತಿದ್ದಳು. ಬೆರಳಿಟ್ಟು ಮೇಲಿನಿಂದ ಕೆಳಗೆ ಎಲ್ಲ ನಂಬರುಗಳನ್ನೂ ಓದಿದಳು. ಆಮೇಲೆ ಸಣ್ಣ ದನಿಯಲ್ಲಿ, "ಸಾರ್ ಮುಂದಿನಿಂದ ಬಂದ್‌ಬಿಟ್ಟಿದ್ದಾರೆ ಕಣೆ" ಎಂದಳು.

ನಾನು ಗಾಬರಿಯಿಂದ ತಿರುಗಿ ನೋಡಿದೆ. ಮುಂದಿನ ಬಾಗಿಲಿನಿಂದ ಸಾರ್ ಬಂದರೇನೋ ಎಂದುಕೊಂಡೆ. ಅಲ್ಲಿ ಯಾರೂ ಇರಲಿಲ್ಲ. ಅವಳು ನನ್ನ ಕೈ ಬಿಟ್ಟು, "ಅಮ್ಮಂಗೆ ಮಾತ್ರೆ ತಗೋಬೇಕು, ಬರ್ತೀನಿ" ಎಂದು ಹೊರಟುಹೋದಳು.

ಅವತ್ತು ಮಧ್ಯಾಹ್ನ ನಾನು ಲ್ಯಾಬಿಗೆ ಹೋದೆ. ಏನು ಕೇಳಬೇಕೆಂದು ಹೋದೆನೋ ಈಗಲೂ ಸರಿಯಾಗಿ ಹೇಳಲಾರೆ. ನನ್ನ ಹೆಸರು ಹೇಗೆ ಉಳಿಯಿತು ಎಂದು ಕೇಳಬೇಕಿತ್ತು. ಮೆಟ್ಟಿಲು ಹತ್ತುವವರೆಗೂ ಅದನ್ನೇ ಕೇಳುತ್ತೇನೆ ಎಂದುಕೊಂಡಿದ್ದೆ. ಸಾರ್ ಒಬ್ಬರೇ ಕೂತು ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ನೋಡಿ ಡಬ್ಬಿಯ ಮುಚ್ಚಳ ಹಾಕಿದರು.

"ಸಾರ್, ಇಪ್ಪತ್ತೆರಡರ ಹೆಸರು ಬಿಟ್ಟುಹೋಗಿದೆ" ಎಂದೆ.

"ಬಿಟ್ಟುಹೋಗಿಲ್ಲರೀ. ಹಾಜರಿ ಶಾರ್ಟೇಜ್ ಇದೆ."

"ಅವಳ ತಾಯಿಗೆ ರೇಡಿಯೇಷನ್ ನಡೀತಿದೆ ಸಾರ್. ದಿನಾ ಇವಳೇ ಕರ್ಕೊಂಡು ಹೋಗ್ಬೇಕು."

ಅವರಿಗೆ ಅದು ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಯಾಕೆ ಮೊದಲೇ ಹೇಳಲಿಲ್ಲ ಎಂದರು. ಎಲ್ಲ ಕ್ಲಾಸುಗಳ ಹಾಜರಿಯ ದೊಡ್ಡ ರಿಜಿಸ್ಟರ್ ಎಳೆದುಕೊಂಡು ಪುಟ ತಿರುಗಿಸಿದರು. ಇಪ್ಪತ್ತೆರಡರ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೂ ಓಡಿಸಿದರು. ಬೆರಳು ತಾನಾಗಿ ಒಂದು ಸಾಲು ಕೆಳಗೆ ಜಾರಿತು. ಇಪ್ಪತ್ತಮೂರರ ಸಾಲು. ಅಲ್ಲಿ ಸೊನ್ನೆಗಳೇ ಹೆಚ್ಚು. ಬೆರಳು ಅಲ್ಲೇ ನಿಂತಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ಆ ನೋಟ ಎಷ್ಟು ಹೊತ್ತಿತ್ತೋ... ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು ಹೊರಟದ್ದು ಮಾತ್ರ ನೆನಪಿದೆ.

ಅವರು ಎದ್ದರು. ಕೈ ತೊಳೆದುಕೊಂಡು, ರಿಜಿಸ್ಟರನ್ನು ಮೇಜಿನ ಮೇಲೇ ಬಿಟ್ಟು, ಪ್ರಿನ್ಸಿಪಾಲರ ರೂಮಿಗೆ ಹೋದರು. ನಾನು ಹೊರಗೆ ನಿಂತೆ. ಅರ್ಧ ಬಾಗಿಲಿನ ಆಚೆಯಿಂದ ಮಾತು ಕೇಳಿಸುತ್ತಿತ್ತು. ಸಾರ್ ತಡವರಿಸುತ್ತಾ ಹೇಳುತ್ತಿದ್ದರು. ಅವರು ಯಾರ ಪರವಾಗಿಯೂ ಮಾತಾಡಿ ಅಭ್ಯಾಸವಿದ್ದವರಲ್ಲ. ಪ್ರಿನ್ಸಿಪಾಲರು ಒಳ್ಳೆಯವರೇ. "ಒಬ್ಬರಿಗೆ ಬಿಟ್ರೆ ಎಲ್ಲರೂ ಬರ್ತಾರೆ. ಬೇಕಾದ್ರೆ ರಿಜಿಸ್ಟರ್ ತಗೊಂಡ್ ಬನ್ನಿ, ಪೂರ್ತಿ ಲಿಸ್ಟ್ ಇನ್ನೊಂದ್ಸಲ ನೋಡೋಣ. ಯಾರ್ಯಾರದು ಏನೇನು ಕೇಸ್ ಇದೆ ನೋಡಿ ಯೋಚಿಸೋಣ" ಎಂದರು.

ಆಮೇಲೆ ಸಾರ್ ದನಿ: "ಬೇಡ ಸಾರ್. ಲಿಸ್ಟ್ ಸರಿ ಇದೆ."

ಹೊರಗೆ ಬಂದವರು ನನ್ನ ಮುಂದೆ ಒಂದು ಕ್ಷಣ ನಿಂತರು. "ಆಗಲಿಲ್ಲಮ್ಮ. ನೀವು ಹೋಗಿ ಓದ್ಕೊಳ್ಳಿ" ಎಂದರು. ಅಮ್ಮ ಎಂದು ಅವರು ನನ್ನನ್ನು ಕರೆದದ್ದು ಅದೊಂದೇ ಸಲ. ರಿಜಿಸ್ಟರ್ ತರಲು ಮೂವತ್ತು ಹೆಜ್ಜೆ ನಡೆಯಬೇಕಿತ್ತು, ಅಷ್ಟೆ. ಯಾಕೆ ಬೇಡ ಎಂದರು? ಗೆಳತಿಯ ಮೇಲೆ ಅವರಿಗೇನು ಸಿಟ್ಟಿರಬಹುದು ಎಂದು ನಾನು ಬಸ್ಸಿನಲ್ಲಿ ಉತ್ತರಹಳ್ಳಿಯವರೆಗೂ ತಲೆ ಕೆಡಿಸಿಕೊಂಡೆ. ನನಗೆ ನಾಚಿಕೆಯಾಗಬೇಕಿದ್ದ ಜಾಗದಲ್ಲಿ ಅವರ ಮೇಲೆ ಸಿಟ್ಟು ಬಂತು. ಅದು ಹಗುರವಾಗಿತ್ತು.

ನಾನು ಪರೀಕ್ಷೆ ಬರೆದೆ, ಪಾಸಾದೆ. ಗೆಳತಿಗೆ ಒಂದು ವರ್ಷ ಹೋಯಿತು. ಆಮೇಲೆ ಅವಳು ಕಾಲೇಜಿಗೆ ಬರಲೇ ಇಲ್ಲ. ಶುರುವಿನಲ್ಲಿ ಫೋನ್ ಮಾಡುತ್ತಿದ್ದೆ. "ಹೇಗಿದ್ದಾರೆ ಅಮ್ಮ?" "ಪರವಾಗಿಲ್ಲ." "ನೀನು?" "ನಾನೂ." ಅದಾದ ಮೇಲೆ ಏನು ಮಾತಾಡುವುದೋ ತಿಳಿಯುತ್ತಿರಲಿಲ್ಲ. ಫೋನುಗಳು ಕಡಿಮೆಯಾದವು, ನಿಂತವು. ಲ್ಯಾಬ್ ಸಾರ್ ನನ್ನ ಕೊನೆಯ ವರ್ಷ ಮುಗಿಯುವ ಮೊದಲೇ ಕೆಲಸ ಬಿಟ್ಟರು. ಹಾಜರಿಯ ಕೆಲಸಕ್ಕೆ ಕಾಲೇಜಿನವರು ಹೊರಗಿನಿಂದ ಸಾಫ್ಟ್‌ವೇರ್ ತರಿಸಿದರು. ಸಾರ್ ತಾವಾಗಿಯೇ ಬಿಟ್ಟರೆಂದು ಕೆಲವರು, ಬೇರೆ ಕಡೆ ಸಿಕ್ಕಿತೆಂದು ಕೆಲವರು ಹೇಳಿದರು. ಬೀಳ್ಕೊಡುಗೆಯೂ ಇರಲಿಲ್ಲ. ಒಂದು ದಿನ ಹೋದಾಗ ಅವರ ಕುರ್ಚಿಯಲ್ಲಿ ಇನ್ನೊಬ್ಬರಿದ್ದರು.

ನಾನು ಮುಂದೆ ಓದಿ, ಜೆಪಿ ನಗರದ ಒಂದು ಕಾಲೇಜಿನಲ್ಲಿ ಅದೇ ಜಾವಾ ಹೇಳಿಕೊಡುವ ಲೆಕ್ಚರರ್ ಆದೆ. ಕ್ಲಾಸ್ ತಪ್ಪಿಸಿ ಬಳೆ ಅಂಗಡಿ ಸುತ್ತುತ್ತಿದ್ದವಳು ಹಾಜರಿ ಕರೆಯುವವಳಾದೆ. ಮೊದಲ ವರ್ಷವೇ, ಪಟ್ಟಿಯಿಂದ ತೆಗೆಯುವ ಪಾಠ ಬಂತು. ಕೆಲವು ಸಂಖ್ಯೆಗಳ ಪಟ್ಟಿ ಕೊಟ್ಟು, ಸಮಸಂಖ್ಯೆಗಳನ್ನೆಲ್ಲ ತೆಗೆಯುವ ಪ್ರೋಗ್ರಾಮನ್ನು ಎಲ್ಲರ ಎದುರು ಸ್ಕ್ರೀನಿನ ಮೇಲೆ ಬರೆದೆ. ಮೊದಲ ಜಾಗದಿಂದ ಶುರು, ಒಂದೊಂದೇ ಜಾಗ ಮುಂದೆ, ಸಮಸಂಖ್ಯೆ ಸಿಕ್ಕರೆ ತೆಗೆ; ಲೂಪ್ ಎನ್ನುತ್ತಾರೆ ಇದಕ್ಕೆ. ಪಟ್ಟಿ ಒಂದು, ಎರಡು, ನಾಲ್ಕು, ಐದು. ಓಡಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಮ್ಯಾಮ್, ನಾಲ್ಕು ಹಾಗೇ ಉಳ್ಕೊಂಡಿದೆ" ಎಂದಳು.

ಹೌದು, ಉಳಿದಿತ್ತು. ಎರಡು ಹೋಗಿತ್ತು, ನಾಲ್ಕು ಉಳಿದಿತ್ತು. ನಾನು ಬೋರ್ಡಿನ ಮೇಲೆ ಒಂದೊಂದೇ ಜಾಗ ಬರೆದು ನೋಡಿದೆ.

ಆಗುವುದು ಇಷ್ಟೇ. ಸಾಲಿನಲ್ಲಿ ಎರಡನೆಯವರನ್ನು ಎಬ್ಬಿಸಿ ಕಳಿಸಿದರೆ ಅವರ ಹಿಂದಿದ್ದವರು ಆ ಖಾಲಿ ಜಾಗಕ್ಕೆ ಸರಿಯುತ್ತಾರೆ. ಪಟ್ಟಿಯಲ್ಲಿ ಜಾಗ ಖಾಲಿ ಬಿಡುವಂತಿಲ್ಲ. ಆದರೆ ಹಾಜರಿ ಕೇಳುವವರು ಎರಡನೆಯ ಜಾಗ ಮುಗಿಯಿತೆಂದು ಮೂರನೆಯದಕ್ಕೆ ಹೋಗಿಬಿಡುತ್ತಾರೆ. ಈಗಷ್ಟೇ ಎರಡನೆಯ ಜಾಗಕ್ಕೆ ಸರಿದು ಕೂತವರನ್ನು ಯಾರೂ ಕೇಳುವುದೇ ಇಲ್ಲ. ತೆಗೆಯಬೇಕಾದವರು ಅಕ್ಕಪಕ್ಕ ಇಬ್ಬರಿದ್ದರೆ ಮೊದಲನೆಯವರು ಹೋಗುತ್ತಾರೆ, ಎರಡನೆಯವರು ಉಳಿಯುತ್ತಾರೆ. ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬಂದರೆ ಈ ತೊಂದರೆ ಇಲ್ಲ. ಸರಿಯುವವರೆಲ್ಲ ಆಗಲೇ ಹಾಜರಿ ಕೇಳಿ ಆದವರು.

ಇಪ್ಪತ್ತೆರಡನ್ನು ತೆಗೆದಾಗ ಇಪ್ಪತ್ತಮೂರು ಅವಳ ಜಾಗಕ್ಕೆ ಸರಿದಿತ್ತು. ಸಾರ್ ಮುಂದಿನಿಂದ ಬಂದಿದ್ದರು. ಬಾಗಿಲಿನಿಂದಲ್ಲ. ಗೆಳತಿಗೆ ಅದು ನೋಟಿಸ್ ಬೋರ್ಡಿನ ಮುಂದೆಯೇ, ಆ ಕ್ಷಣದಲ್ಲೇ ತಿಳಿದಿತ್ತು. ತಿಳಿದೂ ಅವಳು ಯಾರಿಗೂ ಹೇಳಲಿಲ್ಲ. ಪ್ರಿನ್ಸಿಪಾಲರ ರೂಮಿನಲ್ಲಿ ಸಾರ್ ಬೇಡ ಎಂದದ್ದು ಯಾಕೆಂದೂ ನನಗೆ ಆಗಲೇ ತಿಳಿದದ್ದು: ರಿಜಿಸ್ಟರ್ ತಂದಿದ್ದರೆ ನನ್ನ ಹೆಸರೂ ಹೋಗುತ್ತಿತ್ತು.

ಅವತ್ತಿನ ಪಾಠವನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

ಅಂದಿನಿಂದ ಒಂದೇ ಪ್ರಶ್ನೆ. ಐದು ಸ್ಟೂಲು ಇಟ್ಟು ಇಡೀ ಕ್ಲಾಸಿಗೆ ಆ ತಪ್ಪನ್ನು ತೋರಿಸಿಕೊಟ್ಟವರು, ಅದೇ ಸೆಮಿಸ್ಟರಿನಲ್ಲಿ, ತಾವೇ ಆ ತಪ್ಪನ್ನು ಹೇಗೆ ಮಾಡಿದರು? ಕೆಲಸದ ಅವಸರದಲ್ಲಿ ಕೈ ತಪ್ಪಿತೇ? ಅಥವಾ ಬೇಕೆಂದೇ ಹಾಗೆ ಬಿಟ್ಟರೇ, ಕೆಲವರಾದರೂ ಉಳಿಯಲಿ ಎಂದು? ಬೇಕೆಂದೇ ಆಗಿದ್ದರೆ ಉಳಿಯಬೇಕಾದವಳು ನಾನಲ್ಲವಲ್ಲ. ಯಂತ್ರದ ಹಾಗೆ ಯೋಚಿಸಿದರೆ ಒಂದು ಉತ್ತರ, ಮನುಷ್ಯರ ಹಾಗೆ ಯೋಚಿಸಿದರೆ ಇನ್ನೊಂದು. ಎರಡೂ ಪೂರ್ತಿ ಒಪ್ಪಿಗೆಯಾಗುತ್ತಿರಲಿಲ್ಲ.

ನಾಲ್ಕೈದು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ದಾಸವಾಳದ ಗಿಡ ಕೊಳ್ಳಲು ಸಿದ್ದಾಪುರದ ನರ್ಸರಿಗಳ ಸಾಲಿಗೆ ಹೋಗಿದ್ದೆ. ಅಲ್ಲಿ ಅವರು ಸಿಕ್ಕರು. ಸಣ್ಣಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ತುಳಸಿಯ ಒಂದು ಪುಟ್ಟ ಕುಂಡ. ನಾನು ಹತ್ತಿರ ಹೋಗಿ ನಮಸ್ಕಾರ ಮಾಡಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಇಪ್ಪತ್ತಮೂರು" ಎಂದರು.

ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಮುಖ ಅರಳಿತು. ಅಷ್ಟು ವರ್ಷ ಕಾದಿದ್ದ ಮಾತು, ಎಲ್ಲಿ ಧೈರ್ಯ ಹೋಗಿಬಿಡುತ್ತದೋ ಎಂದು ಆಗಲೇ ಕೇಳಿಬಿಟ್ಟೆ.

"ಸಾರ್, ಆ ವರ್ಷದ ಶಾರ್ಟೇಜ್ ಲಿಸ್ಟ್... ಲೂಪ್ ಮುಂದಿನಿಂದ ಓಡಿತ್ತಲ್ವಾ?"

ಅವರು ತುಳಸಿಯ ಒಂದು ಒಣ ಎಲೆ ಕಿತ್ತರು. "ಓಡಿತ್ತುರೀ. ಮೂರು ಜನ ಉಳ್ಕೊಂಡ್ರಿ."

"ಅದು ತಪ್ಪಾಗಿ ಆಗಿದ್ದಾ ಸಾರ್?"

"ಪ್ರೋಗ್ರಾಮ್ ತಾನಾಗಿ ತಪ್ಪು ಮಾಡಲ್ಲರೀ. ಬರೆದವನದೇ." ಅಷ್ಟು ಹೇಳಿ ಕುಂಡವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಅದು ನನ್ನ ಪ್ರಶ್ನೆಗೆ ಉತ್ತರ ಆಗಿರಲಿಲ್ಲ. ನಾನು ಇನ್ನೂ ಕಾಯುತ್ತಿದ್ದೆ. "ಮಿಕ್ಕಿದ್ದು ಇಪ್ಪತ್ತೆರಡನ್ನ ಕೇಳಿ. ನೀವು ಆಕೆ ಜೊತೆ ಮಾತಾಡಬೇಕು" ಎಂದರು. ಎಲ್ಲಿದ್ದಾಳೆ ಅವಳು, ನಿಮಗೆ ಗೊತ್ತಾ ಎಂದೆ. ನಂಬರ್ ಕೊಡುತ್ತೇನೆಂದು ಜೇಬಿನಿಂದ ಫೋನ್ ತೆಗೆದರು. ನಾನು ಬರೆದುಕೊಂಡು, ನನ್ನ ನಂಬರನ್ನೂ ಅವರಿಗೆ ಕೊಟ್ಟೆ.

ಆ ನಂಬರಿಗೆ ನಾನು ಫೋನ್ ಮಾಡಲಿಲ್ಲ. ಮಾಡುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಏನೆಂದು ಶುರು ಮಾಡುವುದು? ಪ್ರತಿ ಸೆಮಿಸ್ಟರ್ ಆ ಪಾಠ ಬಂದಾಗ ನಂಬರ್ ತೆಗೆದು ನೋಡುತ್ತಿದ್ದೆ, ಇಡುತ್ತಿದ್ದೆ.

ಕೊನೆಗೆ ಫೋನ್ ಬಂದದ್ದು ಅವಳಿಂದ. ಈಗ್ಗೆ ಎರಡು ವರ್ಷವಾಯಿತು. ಮಧ್ಯಾಹ್ನ, ನಾನು ಕಾಲೇಜಿನಲ್ಲಿದ್ದೆ. "ಲ್ಯಾಬ್ ಸಾರ್ ಹೋಗ್ಬಿಟ್ರು ಕಣೆ. ಬೆಳಿಗ್ಗೆ. ಸಿದ್ದಾಪುರದ ಮನೇಲೇ ಇದ್ದಾರೆ, ಬರ್ತೀಯಾ?" ಎಂದಳು. ಹದಿಮೂರು ಹದಿನಾಲ್ಕು ವರ್ಷದ ಮೇಲೆ ಕೇಳಿದ ದನಿ. ಹಲೋ ಎಂದೂ ಇರಲಿಲ್ಲ. ನಿನ್ನೆ ತಾನೇ ಮಾತಾಡಿದ್ದೆವೇನೋ ಎಂಬಂತಿತ್ತು.

ಹೋದೆ. ನರ್ಸರಿಯ ಹಿಂದಿನ ಮನೆಯ ಮುಂದೆ ಶಾಮಿಯಾನ, ಅದರಡಿ ಹತ್ತಿಪ್ಪತ್ತು ಕುರ್ಚಿ. ಅವರ ಸಮಾಜದ ಪದ್ಧತಿಯಂತೆ ಸಾರ್ ಅವರನ್ನು ಕೂರಿಸಿದ್ದರು. ಹಣೆ ತುಂಬಾ ವಿಭೂತಿ. ಗೆಳತಿ ಒಳಗೆ ಸಾರ್ ಹೆಂಡತಿಯ ಪಕ್ಕದಲ್ಲಿ, ಮನೆಮಗಳಂತೆ ಕೂತಿದ್ದಳು. ಸಾರ್ ಹೆಂಡತಿ ಅವಳನ್ನು ಹೆಸರು ಹಿಡಿದು ಕರೆದಾಗ, ಅದು ನನ್ನ ಹೆಸರೂ ಆದ್ದರಿಂದ, ನಾನು "ಹಾಂ" ಎಂದುಬಿಟ್ಟೆ.

ಸಾರ್ ಅವರನ್ನು ಹೊತ್ತುಕೊಂಡು ಹೋದ ಮೇಲೆ ನಾವಿಬ್ಬರೂ ನರ್ಸರಿಯ ಕಲ್ಲುಕಟ್ಟೆಯ ಮೇಲೆ ಕೂತೆವು. ಅವಳು ಈಗ ಆಸ್ಪತ್ರೆಯೊಂದರಲ್ಲಿ ರೇಡಿಯೇಷನ್ ಟೆಕ್ನಿಷಿಯನ್. ತಾಯಿಯನ್ನು ಕರೆದುಕೊಂಡು ಹೋಗಿ ಹೋಗಿ ಆ ವಿಭಾಗದವರೆಲ್ಲ ಪರಿಚಯವಾಗಿ, ಇಂಥದೊಂದು ಡಿಪ್ಲೊಮಾ ಇದೆ ಎಂದು ತಿಳಿದು, ಸೇರಿಕೊಂಡಳಂತೆ. ಅರ್ಜಿ ತುಂಬಿಸಿದ್ದು, ಕೋರ್ಸಿನಲ್ಲಿದ್ದ ಗಣಿತ ಹೇಳಿಕೊಟ್ಟದ್ದು ಸಾರ್. ತಾಯಿ ಆರು ವರ್ಷ ಬದುಕಿದ್ದರು.

"ಸಾರ್ ನಿಮ್ಮ ಮನೆಗೆ ಬರ್ತಿದ್ರಾ?" ಎಂದೆ.

"ಲಿಸ್ಟ್ ಹಾಕಿದ ಮಾರನೇ ದಿನ ಬಂದ್ರು, ಮೊದಲನೇ ಸಲ. ಅಡ್ರೆಸ್ ಹುಡುಕ್ಕೊಂಡು."

ಅವಳು ಅದನ್ನೆಲ್ಲ ನಿಧಾನವಾಗಿ ಹೇಳಿದಳು. ಸಾರ್ ಬಂದು ಅವಳ ತಾಯಿಯ ಎದುರು ಕುರ್ಚಿಯ ತುದಿಯಲ್ಲಿ ಕೂತರಂತೆ. ಕಾಫಿ ಕೊಟ್ಟರೆ ಕುಡಿಯದೆ ಲೋಟವನ್ನು ಕೆಳಗಿಟ್ಟರಂತೆ. ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಾಗಿದೆ, ನಿಮ್ಮ ಮಗಳ ಹಾಗೆ ಹೋಗಬೇಕಿದ್ದ ಇನ್ನೂ ಮೂರು ಜನ ಉಳಿದುಕೊಂಡಿದ್ದಾರೆ ಎಂದರಂತೆ. ನಿಮಗೆ ಅನ್ಯಾಯ ಅನ್ನಿಸಿದರೆ ಹೇಳಿ, ನಾಳೆ ಬೆಳಿಗ್ಗೆಯೇ ಪ್ರಿನ್ಸಿಪಾಲರ ಮುಂದೆ ಒಪ್ಪಿಕೊಂಡು ಹೊಸ ಪಟ್ಟಿ ತೆಗೆಯುತ್ತೇನೆ ಎಂದರಂತೆ.

"ಅಮ್ಮ ಒಂದೇ ಮಾತು ಕೇಳಿದ್ರು. ಆ ಮೂರು ಜನ ಹೋದ್ರೆ ನನ್ ಮಗಳು ವಾಪಸ್ ಬರ್ತಾಳಾ ಸಾರ್ ಅಂತ. ಸಾರ್ ಇಲ್ಲ ಅಂದ್ರು. ಹಂಗಾದ್ರೆ ಬಿಡಿ ಅಂದ್ರು ಅಮ್ಮ."

"ನೀನು?"

"ಸಾರ್ ನನ್ನನ್ನೂ ಕೇಳಿದ್ರು. ನಾನೂ ಬಿಡಿ ಅಂದೆ."

"ಅದರಲ್ಲಿ ನಾನು ಇದ್ದೆ ಅಂತ ಗೊತ್ತಿತ್ತಲ್ಲ ನಿಂಗೆ."

"ಗೊತ್ತಿತ್ತು."

ನರ್ಸರಿಯವರು ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ನಮ್ಮ ಕಾಲಿನವರೆಗೂ ನೀರು ಹರಿದು ಬಂತು. ಕೊನೆಗೆ ನಾನು, ಅವರು ಬೇಕಂತಲೇ ಹಾಗೆ ಬರೆದಿದ್ದರಾ, ನಿಂಗೇನನ್ನಿಸುತ್ತೆ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಒಂದು ಸಲ ಕೇಳಿದ್ದಳಂತೆ. ಬರೆಯುವಾಗ ಏನು ಯೋಚಿಸುತ್ತಿದ್ದೆನೋ ನನಗೇ ನೆನಪಿಲ್ಲ ಎಂದರಂತೆ.

"ನೀನು ಫೋನ್ ಮಾಡ್ತೀಯ ಅಂದ್ಕೊಂಡಿದ್ದೆ" ಎಂದಳು ಗೆಳತಿ. "ನಂಬರ್ ಕೊಟ್ಟಿದ್ದೀನಿ ಅಂತ ಸಾರ್ ಹೇಳಿದ್ರು. ಆಮೇಲೆ ಸಿಕ್ಕಿದಾಗೆಲ್ಲ ಕೇಳೋರು, ಇಪ್ಪತ್ತಮೂರು ಮಾತಾಡಿದ್ರಾ ಅಂತ."

ನಾನು ಫೋನ್ ತೆಗೆದು, ಇಷ್ಟು ದಿನ ಇಟ್ಟುಕೊಂಡಿದ್ದ ಅವಳ ನಂಬರ್ ತೋರಿಸಿದೆ.

ಈಗ ನಾವಿಬ್ಬರೂ ಮಾತಾಡುತ್ತೇವೆ. ತಿಂಗಳಿಗೊಮ್ಮೆಯಾದರೂ ಸಿಗುತ್ತೇವೆ. ಸಾರ್ ವಿಷಯ ಬಂದಾಗ ಅವಳು ಸಲೀಸಾಗಿ ಮಾತಾಡುತ್ತಾಳೆ; ಅವರ ಸ್ಕ್ರೂಡ್ರೈವರ್, ಅವರ ರೊಟ್ಟಿ, ಗಣಿತ ಹೇಳಿಕೊಡುವಾಗ ಅವರೇ ತಪ್ಪು ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದದ್ದು. ಅವಳ ಲ್ಯಾಬ್ ಸಾರ್ ನನಗೆ ಗೊತ್ತಿದ್ದವರಲ್ಲ. ಅವಳು ಕಳೆದುಕೊಂಡದ್ದು ಬಹಳ, ಆದರೆ ಅದೇನೆಂದು ಅವಳಿಗೆ ಗೊತ್ತಿದೆ. ನಾನು ಏನು ಕಳೆದುಕೊಂಡೆ ಎಂಬುದೇ ನನಗೆ ಸ್ಪಷ್ಟವಿಲ್ಲ.

ಪಾರ್ಸೆಲ್ ಆಫೀಸಿನಿಂದ ಬಂದ ದಿನ ಮಗಳಿಗೆ ಊಟಕ್ಕೆ ಬಡಿಸುತ್ತಾ ಸುಮ್ಮನೆ ಈ ಕಥೆ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವಳು, "ಅವರು ಆ ಆಂಟಿ ಮನೆಗೆ ಯಾಕೆ ಹೋದ್ರು? ಉಳ್ಕೊಂಡಿದ್ದು ನೀನು ತಾನೆ? ನಿನ್ನನ್ನ ಯಾಕೆ ಕೇಳಲಿಲ್ಲ?" ಎಂದಳು.

ಹೌದಲ್ಲ. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ನಾನು ಅವರ ಎದುರಿಗೇ ನಿಂತಿದ್ದೆ. ಅವರ ಬೆರಳು ನನ್ನ ಸಾಲಿನ ಮೇಲಿತ್ತು. ನೀವು ಏನಂತೀರಿ ಇಪ್ಪತ್ತಮೂರು, ಸರಿ ಮಾಡಲಾ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಿಸಿಲಿನಲ್ಲಿ ಬಿಟಿಎಂವರೆಗೆ ಹೋಗಿ, ಕಾಯಿಲೆಯ ಹೆಂಗಸೊಬ್ಬರ ಮುಂದೆ ಕೂತು ಕೇಳಿದರು.

ಸಾರ್ ಇದ್ದಿದ್ದರೆ ಈ ಭಾನುವಾರವೇ ಸಿದ್ದಾಪುರಕ್ಕೆ ಹೋಗಿ ಕೇಳುತ್ತಿದ್ದೆ. ಈಗ ಯಾರನ್ನು ಕೇಳಲಿ? ಚಿಕ್ಕವಳು, ಹೆದರಿಕೊಳ್ಳುತ್ತಾಳೆ ಎಂದು ಬಿಟ್ಟರೋ... ಅಥವಾ ಆ ದಿನ ನಾನು ಕಿಟಕಿಯ ಕಡೆ ತಿರುಗಿದಾಗಲೇ ನನ್ನ ಉತ್ತರ ಅವರಿಗೆ ಸಿಕ್ಕಿಹೋಗಿತ್ತೋ.